ವರ್ಷಕ್ಕೊಮ್ಮೆ ಗುಂಡು, ವಾರಕ್ಕೊಮ್ಮೆ ಬ್ರಷ್

ಹುಬ್ಬಳ್ಳಿ–ಧಾರವಾಡ ಪೊಲೀಸ್ ಕಮಿಷನರೇಟಿನ ಕಚೇರಿ ಇರುವುದು ಎರಡೂ ಊರುಗಳ ನಡುವಿನ ನವನಗರದಲ್ಲಿ. ಅಲ್ಲಿಂದ ಆ ಕಡೆ ಈ ಕಡೆ ಲೆಕ್ಕ ಹಾಕುತ್ತ ಹೋದರೆ ಬಂದೂಕುಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಕಡೆ ಸಿಗುತ್ತವೆ. ಠಾಣೆಗಳ ಶಸ್ತ್ರಾಗಾರದಲ್ಲಿ, ಸಶಸ್ತ್ರ ಮೀಸಲು ಪಡೆಯಲ್ಲಿ, ಎನ್‌ಸಿಸಿ ಘಟಕಗಳಲ್ಲಿ, ಬ್ಯಾಂಕಿನ ಬಾಗಿಲ ಕಾವಲುಗಾರನ ಹೆಗಲ ಮೇಲೆ, ಕಲಘಟಗಿ–ಅಳ್ನಾವರದ ಕಾಡಂಚಿನಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ರೈತರ ಮನೆಗಳಲ್ಲಿ ಅವು ಇವೆ. ಇವುಗಳಲ್ಲಿ ಬಹುಪಾಲಿಗೆ ಒಂದೇ ಪಾಡು. ಗುಂಡು ಹಾರಿಸುವುದು ಅಪರೂಪ, ತಿಕ್ಕಿಸಿಕೊಳ್ಳುವುದು ಪದೇ ಪದೇ. ಪೊಲೀಸರ ರೈಫಲ್ ವಾರ್ಷಿಕ ತಾಲೀಮಿನಲ್ಲಿ ಒಂದಿಷ್ಟು ಸುತ್ತು ಹಾರಿ ಮತ್ತೆ ಕಪಾಟು ಸೇರುತ್ತದೆ. ಆದರೆ ಶುಚಿ ಮಾಡುವ ಪಾಳಿ ವರ್ಷವಿಡೀ ತಪ್ಪುವುದಿಲ್ಲ. ಹೀಗೆ ಬದುಕುವ ರೈಫಲ್ಲಿನ ನಳಿಗೆಯನ್ನು ಗುಂಡಿಗಿಂತ ಹೆಚ್ಚಾಗಿ ಸವೆಸುವುದು ಶುಚಿ ಮಾಡುವ ಕೈ. ಆದ್ದರಿಂದ ಯಾವ ಬ್ರಷ್ ಕೊಳ್ಳಬೇಕು ಎಂಬ ಪ್ರಶ್ನೆಗಿಂತ ಮೊದಲು ಯಾವ ರಾಡ್, ಮತ್ತು ವರ್ಷಕ್ಕೆ ಎಷ್ಟು ಸಲ ಎಂಬ ಪ್ರಶ್ನೆ ಬರಬೇಕು ಎಂಬುದು ನನ್ನ ವಾದ.

ನಳಿಗೆಯ ಒಳಗೆ ಏನಿದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ದಶಕಗಳ ಕಾಲ ನಮ್ಮ ದೇಶದ ಪೊಲೀಸರ ಹೆಗಲ ಮೇಲಿದ್ದ, ಉತ್ತರ ಪ್ರದೇಶ 2020ರ ಗಣರಾಜ್ಯೋತ್ಸವದಂದು ಬೀಳ್ಕೊಟ್ಟ .303 ಲೀ ಎನ್‌ಫೀಲ್ಡ್ ರೈಫಲ್ಲನ್ನೇ ತೆಗೆದುಕೊಳ್ಳಿ. ಅದರ ನಳಿಗೆಯಲ್ಲಿ ಸಾಮಾನ್ಯವಾಗಿ ಐದು ಜಾಡುಗಳು ಎಡಕ್ಕೆ ಸುತ್ತುತ್ತ ಹತ್ತು ಇಂಚಿಗೆ ಒಂದು ಪೂರ್ತಿ ಸುತ್ತು ಹಾಕುತ್ತವೆ. ಗುಂಡು ಈ ಜಾಡುಗಳನ್ನು ಕಚ್ಚಿಕೊಂಡು ಗಿರಗಿರನೆ ತಿರುಗುತ್ತ ಹೊರಬರುವುದರಿಂದಲೇ ಅದು ನೆಟ್ಟಗೆ ಹೋಗುತ್ತದೆ. ಇಷ್ಟೆಲ್ಲ ಕೆಲಸ ಮಾಡುವ ಜಾಡಿನ ಆಳ ಒಂದು ಮಿಲಿಮೀಟರಿನ ಆರರಲ್ಲೊಂದು ಪಾಲಿನಷ್ಟೂ ಇರುವುದಿಲ್ಲ. ಎನ್‌ಸಿಸಿ ಕೆಡೆಟ್‌ಗಳು ಹಿಡಿಯುವ .22 ರೈಫಲ್ಲಿನಲ್ಲಿ ಅದು ಇನ್ನೂ ಕಡಿಮೆ, ಹೆಚ್ಚುಕಮ್ಮಿ ತಲೆಗೂದಲಿನ ದಪ್ಪ. ಇಡೀ ನಳಿಗೆಯಲ್ಲಿ ಎರಡು ಕಡೆ ಮಾತ್ರ ಸವೆತ ತೀರಾ ದುಬಾರಿಯಾಗುತ್ತದೆ. ಒಂದು, ತೋಟಾ ಕೂರುವ ಚೇಂಬರಿನ ಮುಂದೆ ಜಾಡು ಶುರುವಾಗುವ ಗಂಟಲು. ಇನ್ನೊಂದು, ಗುಂಡು ಹೊರಬೀಳುವ ಬಾಯಿಯ ಅಂಚು. ಗುಂಡು ಬಾಯಿ ದಾಟುವ ಕ್ಷಣದಲ್ಲಿ ಅದರ ಹಿಂದಿನ ಬಿಸಿ ಅನಿಲ ಸುತ್ತಲೂ ಒಂದೇ ಸಮನಾಗಿ ಹೊರಬರಬೇಕು. ಅಂಚಿನ ಒಂದು ಪಕ್ಕ ಸವೆದಿದ್ದರೆ ಅನಿಲ ಮೊದಲು ಆ ಪಕ್ಕದಿಂದ ನುಗ್ಗಿ ಗುಂಡಿನ ಹಿಂಭಾಗವನ್ನು ಓರೆಯಾಗಿ ತಳ್ಳುತ್ತದೆ. ಗುರಿಗಾರ ಎಷ್ಟೇ ಉಸಿರು ಹಿಡಿದು ಕುದುರೆ ಎಳೆದರೂ ಗುಂಡು ಚದುರುತ್ತದೆ. ನಡುವಿನ ಉದ್ದಕ್ಕೂ ಸಣ್ಣಪುಟ್ಟ ಗೀರು ಬಿದ್ದರೆ ನಡೆಯುತ್ತದೆ, ಈ ಎರಡು ತುದಿಗಳಲ್ಲಿ ನಡೆಯುವುದಿಲ್ಲ. ಕೈಯಲ್ಲಿರುವ ರಾಡ್ ಡೊಂಕಾದಾಗ ಮೊದಲು ಉಜ್ಜುವುದೂ ಈ ಎರಡು ತುದಿಗಳನ್ನೇ.

ಇಷ್ಟು ಸಣ್ಣ ಗೀರಿನಿಂದ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ, ಧಾರವಾಡದವರು ಆ ಪ್ರಶ್ನೆಗೆ ಉತ್ತರವನ್ನು ಬಹಳ ಕಹಿಯಾಗಿ ಕಲಿತಿದ್ದಾರೆ. 2015ರ ಆಗಸ್ಟ್ 30ರಂದು ಕಲ್ಯಾಣನಗರದ ಮನೆಯ ಬಾಗಿಲಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹತ್ಯೆಯಾಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಹತ್ಯೆಯಾಯಿತು. ಎರಡೂ ಕಡೆ ಸಿಕ್ಕ ಗುಂಡು, ಖಾಲಿ ತೋಟಾಗಳ ಮೇಲಿನ ಗುರುತುಗಳನ್ನು ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ, ಎರಡಕ್ಕೂ ಬಳಕೆಯಾದದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವರದಿ ಕೊಟ್ಟಿತು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಗುರುತುಗಳನ್ನು ಆಯುಧದ ಉಕ್ಕು ತೋಟಾದ ಮೇಲೆ, ಗುಂಡಿನ ಮೈಮೇಲೆ ಬರೆದು ಕಳಿಸುತ್ತದೆ. ಆ ಬರಹವನ್ನು ಓದುವ ವಿದ್ಯೆಯನ್ನು ಕಲಿಸುವ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಧಾರವಾಡದಲ್ಲೇ 2023ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಅಷ್ಟು ಸಣ್ಣ ಗೀರು ಗುಂಡಿಗೆ ಗೊತ್ತಾಗುತ್ತದೆ ಎಂದ ಮೇಲೆ, ವಾರವಾರವೂ ಒಂದೇ ಜಾಗದಲ್ಲಿ ಉಜ್ಜುವ ಲೋಹ ಯಾವ ಗುರುತೂ ಬಿಡುವುದಿಲ್ಲ ಎಂದು ನಂಬುವುದು ಹೇಗೆ?

ಇನ್ನು ಶುಚಿ ಮಾಡುವ ಸಾಮಾನುಗಳ ವಿಚಾರ. ನಮ್ಮಲ್ಲಿ ಸೈನ್ಯ, ಪೊಲೀಸ್, ಎನ್‌ಸಿಸಿ ಮೂರೂ ಬ್ರಿಟಿಷರಿಂದ ಪಡೆದದ್ದು ಪುಲ್ ಥ್ರೂ. ಒಂದು ತುದಿಗೆ ಹಿತ್ತಾಳೆಯ ತೂಕ ಕಟ್ಟಿದ ಗಟ್ಟಿ ಹುರಿ, ಇನ್ನೊಂದು ತುದಿಯಲ್ಲಿ ಸಾಲಾಗಿ ಮೂರು ಕುಣಿಕೆ. ಮೊದಲ ಕುಣಿಕೆ ತಂತಿಬಲೆಗೆ, ಎರಡನೆಯದು ನಾಲ್ಕು ಇಂಚು ಉದ್ದ ಎರಡು ಇಂಚು ಅಗಲದ ಚಿಂದಿಗೆ, ಮೂರನೆಯದು ಒಳಗೆ ಸಿಕ್ಕಿಹಾಕಿಕೊಂಡರೆ ಹಿಂದಕ್ಕೆ ಎಳೆಯಲಿಕ್ಕೆ. ಹಿತ್ತಾಳೆಯ ಎಣ್ಣೆ ಬಾಟಲಿಯ ಜೊತೆ ಇದನ್ನು ರೈಫಲ್ಲಿನ ಬಟ್ಟಿನೊಳಗೇ ಇಟ್ಟುಕೊಳ್ಳಬಹುದಿತ್ತು. ಕಂದಕದಲ್ಲಿ ಕೂತ ಸಿಪಾಯಿಗೆ ಇದಕ್ಕಿಂತ ಒಳ್ಳೆಯ ಸಾಧನ ಇರಲಿಲ್ಲ, ಅದನ್ನು ಅಲ್ಲಗಳೆಯಲಾರೆ. ಆದರೆ ಹುರಿಯನ್ನು ನೆಟ್ಟಗೆ ಎಳೆಯದೆ ಸ್ವಲ್ಪ ಓರೆಯಾಗಿ ಎಳೆದರೆ ಅದು ಬಾಯಿಯ ಅಂಚಿಗೆ ಒರಗಿಕೊಂಡೇ ಜಾರುತ್ತದೆ. ಹುರಿಯ ಎಳೆಗಳಲ್ಲಿ ಸೇರಿಕೊಂಡ ಮಣ್ಣು ಅರದ ಕೆಲಸ ಮಾಡುತ್ತದೆ. ಹುರಿಯಿಂದಾದ ಈ ಸವೆತಕ್ಕೆ ಬ್ರಿಟಿಷ್ ಬಂದೂಕು ದುರಸ್ತಿಗಾರರಾದ ಆರ್ಮರರ್‌ಗಳು ಪ್ರತ್ಯೇಕ ಹೆಸರನ್ನೇ ಇಟ್ಟಿದ್ದರು. ಹಳೆಯ ಲೀ ಎನ್‌ಫೀಲ್ಡ್‌ಗಳ ಬಾಯಿಯಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ. ನಮ್ಮ ಎರೆ ಸೀಮೆಯಲ್ಲಿ ಬೇಸಿಗೆಯ ಧೂಳು ಯಾವ ಪೆಟ್ಟಿಗೆಯನ್ನೂ ಬಿಡುವುದಿಲ್ಲ, ಎಣ್ಣೆ ಹಿಡಿದ ಹುರಿಗಂತೂ ಬೇಗ ಅಂಟುತ್ತದೆ. ಇಪ್ಪತ್ತು ಮೂವತ್ತು ರೈಫಲ್ಲುಗಳನ್ನು ಸಾಲಾಗಿ ಇಟ್ಟುಕೊಂಡು ಒಂದೇ ಹುರಿಯಿಂದ ಸರಸರನೆ ಎಳೆದು ಮುಗಿಸುವ ಕಡೆ ಏನಾಗಬಹುದು ಎಂದು ಹೇಳಬೇಕಾಗಿಲ್ಲ. ಈ ಅಪಾಯವನ್ನು ರಷ್ಯದವರು ಬೇರೆ ರೀತಿ ನಿಭಾಯಿಸಿದರು. ಎಕೆ ರೈಫಲ್ಲನ್ನು ಬಾಯಿಯ ಕಡೆಯಿಂದಲೇ ಶುಚಿ ಮಾಡಬೇಕು, ಬೇರೆ ದಾರಿಯಿಲ್ಲ. ಆದ್ದರಿಂದ ಅದರ ಸಾಮಾನಿನ ಡಬ್ಬಿಯ ಮುಚ್ಚಳಕ್ಕೆ ನಡುವೆ ತೂತಿಟ್ಟು, ಅದನ್ನು ಬಾಯಿಗೆ ತೊಡಿಸಿ ರಾಡ್ ನಡುಮಧ್ಯದಲ್ಲೇ ಹೋಗುವಂತೆ ಮಾಡಿದರು. ಆ ಪುಟ್ಟ ಮುಚ್ಚಳ ಉಳಿಸಿದಷ್ಟು ನಳಿಗೆಗಳನ್ನು ಯಾವ ದುಬಾರಿ ಎಣ್ಣೆಯೂ ಉಳಿಸಿರಲಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ. ಶುಚಿ ಮಾಡುವವರು ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟು ಬರಿ ರಾಡ್ ತುರುಕಿದರೆ ಮಾತ್ರ ಅದರ ಉಪಯೋಗವೇ ಇಲ್ಲ.

ಹಾಗಾದರೆ ಎಂಥ ರಾಡ್ ಆರಿಸಬೇಕು? ಮೊದಲನೆಯದಾಗಿ ಅದು ಒಂದೇ ತುಂಡಿನದಾಗಿರಬೇಕು. ಮೂರು ತುಂಡು ತಿರುಪಿ ಜೋಡಿಸುವ ಅಲ್ಯೂಮಿನಿಯಂ ರಾಡ್ ಅಗ್ಗ, ಚೀಲದಲ್ಲಿ ಹಿಡಿಯುತ್ತದೆ, ಅಂಗಡಿಯಲ್ಲಿ ಮೊದಲು ತೋರಿಸುವುದೂ ಅದನ್ನೇ. ಆದರೆ ಅದರ ಪ್ರತಿ ಸಂದಿನಲ್ಲೂ ಒಂದು ಅಂಚು ಇರುತ್ತದೆ, ಒತ್ತಿದಾಗ ರಾಡ್ ಬಾಗುವುದೂ ಆ ಸಂದಿನಲ್ಲೇ. .22ರ ಲೆಕ್ಕ ನೋಡಿ. ರಂಧ್ರ ಸುಮಾರು ಐದೂವರೆ ಮಿಲಿಮೀಟರ್, ಅದರೊಳಗೆ ಹೋಗುವ ರಾಡ್ ಸುಮಾರು ಐದು ಮಿಲಿಮೀಟರ್. ಸುತ್ತಲೂ ಉಳಿಯುವ ಜಾಗ ಕಾಲು ಮಿಲಿಮೀಟರ್ ಮಾತ್ರ. ಇಷ್ಟು ಇಕ್ಕಟ್ಟಿನಲ್ಲಿ ಕೂದಲೆಳೆಯಷ್ಟು ಬಾಗಿದರೂ ರಾಡ್ ಗೋಡೆಗೆ ತಾಗುತ್ತದೆ. ಎರಡನೆಯದು, ರಾಡಿನ ಮೈ. ಮೆತ್ತಗಿನ ಲೋಹ ಗಟ್ಟಿ ಲೋಹಕ್ಕೆ ಏನೂ ಮಾಡುವುದಿಲ್ಲ ಎಂಬ ನಂಬಿಕೆಯಿಂದ ಬಹಳ ಮಂದಿ ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಆರಿಸುತ್ತಾರೆ. ಆದರೆ ಮೆತ್ತಗಿದ್ದಷ್ಟೂ ಅದರ ಮೈಯಲ್ಲಿ ಮರಳಿನ ಕಣ ನೆಟ್ಟುಕೊಳ್ಳುವುದು ಸುಲಭ, ಮರಳಾದರೋ ನಳಿಗೆಯ ಉಕ್ಕಿಗಿಂತ ಗಟ್ಟಿ. .22 ತೋಟಾಗಳ ಸಿಡಿಮದ್ದಿನಲ್ಲಿ ಹಲವು ತಯಾರಕರು ಗಾಜಿನ ಪುಡಿಯನ್ನೇ ಬೆರೆಸುವುದರಿಂದ ಹೊರಗಿನ ಧೂಳೂ ಬೇಕಾಗಿಲ್ಲ. ನುಣುಪಾಗಿ ಪಾಲಿಶ್ ಮಾಡಿದ ಸ್ಟೇನ್‌ಲೆಸ್ ಸ್ಟೀಲಿನ ರಾಡಿನಲ್ಲಿ ಕಣ ನೆಡುವುದಿಲ್ಲ, ಒಂದು ಸಲ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಅದು ಸುಲಭವಾಗಿ ಬಾಗುವುದೂ ಇಲ್ಲ. ಪ್ಲಾಸ್ಟಿಕ್ ಲೇಪದ ಉಕ್ಕಿನ ರಾಡ್ ಕೂಡ ಒಳ್ಳೆಯದೇ, ಪ್ರತಿ ಸಲ ಹೊರಬಂದಾಗ ಒರೆಸುವ ಅಭ್ಯಾಸವಿದ್ದರೆ ಮತ್ತು ಲೇಪ ಸುಲಿದ ದಿನ ಎಸೆಯುವ ಮನಸ್ಸಿದ್ದರೆ. ಕಾರ್ಬನ್ ಫೈಬರ್ ರಾಡಿಗೆ ಬಾಗಿದರೂ ಮತ್ತೆ ನೆಟ್ಟಗಾಗುವ ಗುಣವಿದೆ. ಆದರೂ ಹತ್ತಾರು ಜನ ಕೈಯಾಡಿಸುವ ಶಸ್ತ್ರಾಗಾರಕ್ಕೆ ನಾನು ಸ್ಟೀಲನ್ನೇ ಹೇಳುತ್ತೇನೆ. ಮೂರನೆಯದು ಹಿಡಿ. ಅದರೊಳಗೆ ಬೇರಿಂಗ್ ಇರಬೇಕು. ಬ್ರಷ್ ಜಾಡು ಹಿಡಿದು ತಿರುಗಿದಂತೆ ರಾಡೂ ತಿರುಗಬೇಕು, ಕೈ ಮಾತ್ರ ನಿಂತಲ್ಲೇ ಇರಬೇಕು. ಹಿಡಿ ತಿರುಗದಿದ್ದರೆ ಬ್ರಷ್ ಜಾಡಿನ ಗುಂಟ ಹೋಗುವ ಬದಲು ದಿಣ್ಣೆಗಳನ್ನು ಹತ್ತಿಳಿಯುತ್ತದೆ, ಮೂಲೆಯ ಕೊಳೆ ಅಲ್ಲೇ ಉಳಿಯುತ್ತದೆ. ಉದ್ದದ ವಿಚಾರಕ್ಕೆ ಬಂದರೆ, .303ರ ನಳಿಗೆ ಸುಮಾರು 64 ಸೆಂಟಿಮೀಟರ್, ಅದರ ಹಿಂದೆ ಬೋಲ್ಟ್ ಕೂರುವ ಜಾಗ ಸೇರಿದರೆ ಹಿಡಿ ಬಿಟ್ಟು 90 ಸೆಂಟಿಮೀಟರ್ ರಾಡ್ ಬೇಕು. ಬೋಲ್ಟ್ ತೆಗೆದು ಹಿಂದಿನಿಂದ ತೂರಿಸಬಹುದಾದ ಯಾವ ರೈಫಲ್ಲನ್ನೂ ಬಾಯಿಯಿಂದ ಶುಚಿ ಮಾಡಬಾರದು. ಬೋಲ್ಟಿನ ಜಾಗದಲ್ಲಿ ಕೂರಿಸುವ ಒಂದು ಕೊಳವೆ ಸಿಗುತ್ತದೆ, ಬೋರ್ ಗೈಡ್ ಎನ್ನುತ್ತಾರೆ. ರಾಡ್ ಗಂಟಲಿಗೆ ತಾಗದಂತೆ ಅದು ನಡುವಿನಲ್ಲೇ ಹಿಡಿದಿಡುತ್ತದೆ. ದುಡ್ಡು ಇಷ್ಟೇ ಇದೆ, ರಾಡ್ ಬಿಟ್ಟರೆ ಇನ್ನೊಂದೇ ವಸ್ತು ಕೊಳ್ಳಬಹುದು ಎಂದರೆ ಕಣ್ಣು ಮುಚ್ಚಿ ಇದನ್ನು ಕೊಳ್ಳಬೇಕು.

ಬ್ರಷ್ಷಿನ ಆಯ್ಕೆ ಇಷ್ಟು ಕಷ್ಟದ್ದಲ್ಲ. ಹೆಣೆದ ತಂತಿಯ ನಡುವೆ ಸಿಕ್ಕಿಸಿದ ಫಾಸ್ಫರ್ ಬ್ರಾಂಜ್ ಎಳೆಗಳ ಬ್ರಷ್ ಮಸಿಯನ್ನೂ ಸೀಸವನ್ನೂ ಕೆರೆದು ತೆಗೆಯುತ್ತದೆ. ನೈಲಾನ್ ಬ್ರಷ್ ಅಷ್ಟು ಕೆರೆಯುವುದಿಲ್ಲ, ಆದರೆ ದ್ರಾವಕವನ್ನು ಒಳಗೆಲ್ಲ ಹರಡಲು ಅದೇ ಸರಿ. ಗುಂಡಿನ ತಾಮ್ರದ ಹೊದಿಕೆ ನಳಿಗೆಗೆ ಮೆತ್ತಿಕೊಂಡದ್ದನ್ನು ಕರಗಿಸುವ ಅಮೋನಿಯ ಬೆರೆತ ದ್ರಾವಕ ಬ್ರಾಂಜನ್ನೂ ಕರಗಿಸುತ್ತದೆ. ಚಿಂದಿಯ ಮೇಲೆ ನೀಲಿ ಬಣ್ಣ ಕಂಡು ನಳಿಗೆಯಲ್ಲಿ ಇನ್ನೂ ತಾಮ್ರ ಇದೆ ಎಂದು ಬ್ರಾಂಜ್ ಬ್ರಷ್ಷಿನಿಂದ ಮತ್ತೆ ಮತ್ತೆ ತಿಕ್ಕುವವರು ಕರಗುತ್ತಿರುವ ತಮ್ಮ ಬ್ರಷ್ಷನ್ನೇ ನೋಡುತ್ತಿರುತ್ತಾರೆ. ಸ್ಟೇನ್‌ಲೆಸ್ ಸ್ಟೀಲ್ ಎಳೆಯ ಬ್ರಷ್ ಯಾವ ಕಾರಣಕ್ಕೂ ಬೇಡ. ಅಳತೆ ಸರಿಯಿರಲಿ. .303ರ ರಂಧ್ರ 7.62 ಎಂ.ಎಂ. ರೈಫಲ್ಲಿಗಿಂತ ತುಸು ದೊಡ್ಡದು, ಅದಕ್ಕೆಂದೇ ಮಾಡಿದ ಬ್ರಷ್ ಬೇಕು. ಬ್ರಷ್ ಪೂರ್ತಿ ಬಾಯಿ ದಾಟಿದ ಮೇಲೆ ಹಿಂದಕ್ಕೆಳೆಯಬೇಕು, ನಡುವೆ ದಿಕ್ಕು ಬದಲಿಸಿದರೆ ಎಳೆಗಳು ಮಡಚಿ ಮುರಿಯುತ್ತವೆ. ಒತ್ತದೆಯೇ ಸಲೀಸಾಗಿ ಹೋಗುತ್ತಿದ್ದರೆ ಅದರ ಆಯಸ್ಸು ಮುಗಿದಿದೆ. ಶೂಟಿಂಗ್ ಕಲಿಯುವ ಮಕ್ಕಳ 4.5 ಎಂ.ಎಂ. ಏರ್ ರೈಫಲ್ಲಿಗಂತೂ ಈ ಯಾವುದೂ ಬೇಡ. ಮದ್ದೇ ಇಲ್ಲದ ಮೇಲೆ ಮಸಿಯೂ ಇಲ್ಲ, ಉಣ್ಣೆಯ ಸಣ್ಣ ಪೆಲೆಟ್ ಹಾಯಿಸಿದರೆ ಸಾಕು.

ಬ್ರಾಂಜ್ ಉಕ್ಕಿಗಿಂತ ಮೆತ್ತಗಿರುವಾಗ ಬ್ರಷ್ಷಿನಿಂದ ಹಾನಿ ಹೇಗಾದೀತು ಎಂಬ ಆಕ್ಷೇಪ ಬರುತ್ತದೆ. ಆಕ್ಷೇಪದಲ್ಲಿ ಸತ್ಯಾಂಶವಿದೆ, ಒಪ್ಪುತ್ತೇನೆ. ಸ್ವಚ್ಛ ಬ್ರಷ್ಷು, ಹಸಿ ದ್ರಾವಕ, ನೆಟ್ಟಗಿನ ರಾಡ್ ಇದ್ದರೆ ಬ್ರಾಂಜ್ ಎಳೆ ಉಕ್ಕಿಗೆ ಲೆಕ್ಕಕ್ಕೆ ಬರುವಷ್ಟು ಹಾನಿ ಮಾಡುವುದಿಲ್ಲ. ಬ್ರಷ್ಷಿನ ಮೇಲೆ ಹೊರಿಸುವ ಅಪವಾದದ ಬಹುಪಾಲು ಅದನ್ನು ತಳ್ಳುವ ರಾಡಿಗೆ, ಅದಕ್ಕೆ ಅಂಟಿದ ಮಣ್ಣಿಗೆ ಸೇರಬೇಕು. ನನ್ನ ವಾದ ಇದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ. ಒಳ್ಳೆಯ ರಾಡಿಗೆ ಸಾಧಾರಣ ಬ್ರಷ್ ಹಾಕಿದರೆ ನಡೆಯುತ್ತದೆ, ಕೆಟ್ಟ ರಾಡಿಗೆ ಎಂಥ ಬ್ರಷ್ ಹಾಕಿದರೂ ಗಂಟಲು ಉಳಿಯುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಎದುರು ದಿಕ್ಕಿನಿಂದ ಬರುವ ಮಾತು. ಉಜ್ಜಿದರೆ ಸವೆಯುತ್ತದೆ ಎಂದಾದರೆ ಉಜ್ಜುವುದನ್ನೇ ಬಿಡಬಹುದಲ್ಲ, .22 ಗುರಿಗಾರರು ನೂರಾರು ಸುತ್ತು ಹಾರಿಸಿಯೂ ನಳಿಗೆ ಮುಟ್ಟುವುದಿಲ್ಲವಲ್ಲ ಎನ್ನುತ್ತಾರೆ. ಮೇಣ ಸವರಿದ ಸೀಸದ ಗುಂಡು ಹಾರಿಸುವ .22ಕ್ಕೆ ಅದು ಹೆಚ್ಚುಕಡಿಮೆ ಸರಿ. ಆದರೆ ಎಲ್ಲ ಬಂದೂಕಿಗೂ ಆ ಮಾತು ಒಪ್ಪುವುದಿಲ್ಲ, ಜುಲೈ–ಆಗಸ್ಟ್‌ನ ಹುಬ್ಬಳ್ಳಿಯಲ್ಲಿ ಗಾಳಿಯೇ ಒದ್ದೆಯಾಗಿರುವಾಗ ಖಂಡಿತ ಒಪ್ಪುವುದಿಲ್ಲ. ಹಳೆಯ .303 ತೋಟಾಗಳ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯಲ್ಲಿ ಉಳಿಯುತ್ತದೆ. ಅಡುಗೆ ಉಪ್ಪಿನ ಜಾತಿಯದೇ ಅದು, ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಮುಖ್ಯ ವಿಷಯವೆಂದರೆ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಅದಕ್ಕೇ ಬ್ರಿಟಿಷ್ ಸೈನ್ಯ ಲಾಳಿಕೆ ಇಟ್ಟು ಚೇಂಬರಿನಿಂದ ಕುದಿಯುವ ನೀರು ಸುರಿಯುತ್ತಿತ್ತು. ನಮ್ಮ ರೈತರ ಪರವಾನಗಿ ಪುಸ್ತಕದಲ್ಲಿ ಎಸ್‌ಬಿಎಂಎಲ್ ಎಂದು ಬರೆದಿರುವ, ಬಾಯಿಯಿಂದ ಮದ್ದು ತುಂಬುವ ಬಂದೂಕಿಗೂ ಇದೇ ಮಾತು. ಕರಿಮದ್ದಿನ ಹೊಲಸು ಬಹುಪಾಲು ಪೊಟ್ಯಾಸಿಯಂ ಲವಣಗಳೇ, ಬಿಸಿನೀರಿಗೆ ಬಿಡುತ್ತದೆ, ಸೀಮೆಎಣ್ಣೆಗೆ ಬಿಡುವುದಿಲ್ಲ. (ಶುಚಿ ಮಾಡುವ ಮೊದಲು ಬಂದೂಕು ಖಾಲಿಯೇ ಎಂದು ನೋಡುವುದು ಎಲ್ಲಕ್ಕಿಂತ ಮೊದಲು. ಈ ಬಂದೂಕಿಗೆ ಮದ್ದು ಜಡಿಯುವ ಗಜದ ಮೇಲೇ ಖಾಲಿ ನಳಿಗೆಯ ಅಳತೆಗೆ ಒಂದು ಗುರುತು ಹಾಕಿಟ್ಟರೆ, ಆ ಗುರುತು ಬಾಯಿಯ ಹೊರಗೇ ನಿಂತ ದಿನ ಒಳಗೆ ಈಡು ಇದೆ ಎಂದು ತಿಳಿಯಬೇಕು.) ಕೊಬ್ಬರಿ ಎಣ್ಣೆ ಸವರಿಡುವ ರೂಢಿ ನಮ್ಮಲ್ಲಿ ಬಲವಾಗಿದೆ. ಅದು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಹಳೆಯದಾದಂತೆ ಕಮಟು ಹಿಡಿದು ಅಂಟಾಗುತ್ತದೆ. ಧಾರವಾಡದ ಚಳಿಗಾಲದ ಬೆಳಗಿನ ಜಾವ 24 ಡಿಗ್ರಿ ಎಲ್ಲಿರುತ್ತದೆ? ಖನಿಜ ಎಣ್ಣೆಯ ತೆಳುವಾದ ಪದರವೇ ಬೇಕು.

ಮಳೆಗೂ ಬಂದೂಕಿಗೂ ಇರುವ ನಂಟನ್ನು ಕೊಡಗಿನವರಷ್ಟು ಚೆನ್ನಾಗಿ ಬಲ್ಲವರು ಕರ್ನಾಟಕದಲ್ಲಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಅಲ್ಲಿ ನಾಟಿ ಕೆಲಸದ ದಿನಗಳಲ್ಲಿ ಕೋವಿ ಕನ್ನಿಕೋಂಬರೆ ಎಂಬ ಪೂಜಾಕೋಣೆ ಸೇರಿ, ಸೆಪ್ಟೆಂಬರ್ 3ರ ಕೈಲ್‌ಪೊಳ್ದಿನಂದು ಹೊರಬಂದು, ಶುಚಿಯಾಗಿ, ತೋಕ್ ಪೂ ಎಂಬ ಹೂ ಮುಡಿದು ಪೂಜೆಗೊಳ್ಳುತ್ತದೆ. ಮಳೆಗಾಲದ ಸಾಲು ತಿಂಗಳು ಮುಗಿದ ಕೂಡಲೇ ಪ್ರತಿ ಕೋವಿಯನ್ನೂ ಹೊರಗೆ ತಂದು ನೋಡುವ ಈ ಕ್ರಮವನ್ನು ನಾನು ತುಂಬ ಗೌರವಿಸುತ್ತೇನೆ. ನಮ್ಮ ಕಡೆ ಅದಕ್ಕೆ ಸಮಾನವಾದದ್ದು ಮಹಾನವಮಿಯ ಆಯುಧಪೂಜೆ. ಅಂದು ರೈಫಲ್ಲಿಗೆ ಹಚ್ಚಿದ ಅರಿಷಿಣ ಕುಂಕುಮದಲ್ಲೂ ಏರಿಸಿದ ಚೆಂಡುಹೂವಿನಲ್ಲೂ ನೀರಿನ ಪಸೆ ಇರುತ್ತದೆ. ಪೂಜೆ ಮುಗಿದ ಸಂಜೆಯೇ ಒಣಬಟ್ಟೆಯಿಂದ ಒರೆಸಿ ಎಣ್ಣೆಯ ಚಿಂದಿ ಆಡಿಸಿದರೆ ಭಕ್ತಿಗೇನೂ ಕೊರತೆಯಾಗುವುದಿಲ್ಲ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿದ ಬಂದೂಕು ವಾರಗಟ್ಟಲೆ ಅಲ್ಲೇ ಇರುವುದರಿಂದ, ಒಪ್ಪಿಸುವ ಹಿಂದಿನ ದಿನವೂ ಇಷ್ಟು ಮಾಡಬೇಕು.

ಹಾಗಾಗಿ ಶುಚಿ ಬೇಕೇ ಬೇಕು. ಯಾವ ಶುಚಿ ಎಂಬುದಷ್ಟೇ ತೀರ್ಮಾನವಾಗಬೇಕು. ಗುಂಡು ಹಾರಿಸಿದ ದಿನ ದ್ರಾವಕ, ಬ್ರಷ್, ಚಿಂದಿ ಎಲ್ಲವೂ ಇರಲಿ. ಹಾರಿಸದೆ ಕಪಾಟಿನಲ್ಲೇ ಇದ್ದ ವಾರಗಳಲ್ಲಿ ಬ್ರಷ್ಷಿಗೆ ತೆಗೆಯಲಿಕ್ಕೆ ಮಸಿಯೇ ಇರುವುದಿಲ್ಲ. ಎಣ್ಣೆಯಲ್ಲಿ ಅದ್ದಿ ಹಿಂಡಿದ ಒಂದು ಚಿಂದಿಯನ್ನು ಹಿಂದಿನಿಂದ ಒಮ್ಮೆ ಹಾಯಿಸಿದರೆ ಆ ವಾರದ ಕೆಲಸ ಮುಗಿಯಿತು. ಇದಕ್ಕೆ ಅಡ್ಡಬರುವುದು ತಪಾಸಣೆಯ ಪದ್ಧತಿ. ಅಧಿಕಾರಿ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಕನ್ನಡಿಯಂತೆ ಹೊಳೆಯದಿದ್ದರೆ ಸಿಬ್ಬಂದಿಗೆ ಬೈಗುಳ. ಬೈಗುಳಕ್ಕೆ ಹೆದರಿದ ಸಿಬ್ಬಂದಿ ಮುಂದಿನ ವಾರ ಇನ್ನಷ್ಟು ತಿಕ್ಕುತ್ತಾರೆ. ಶಿಸ್ತು ತಪ್ಪಬಾರದು ಎಂಬ ಕಾಳಜಿ ನ್ಯಾಯವಾದದ್ದೇ, ತಪಾಸಣೆ ಸಡಿಲಾದ ಕಡೆ ತುಕ್ಕು ನುಗ್ಗುತ್ತದೆ ಎಂಬುದೂ ನಿಜ. ಆದರೆ ಹೊಳಪು ಅದಕ್ಕೆ ಸರಿಯಾದ ಅಳತೆಯಲ್ಲ. ಅಂಚು ಸವೆದ ನಳಿಗೆಯೂ ಹೊಳೆಯುತ್ತದೆ. ಬಿಳಿ ಚಿಂದಿ ಹಾಯಿಸಿ ಕೆಂಪು ತುಕ್ಕಿನ ಬಣ್ಣ ಬರುತ್ತದೆಯೇ ಎಂದು ನೋಡುವುದು, ಆರ್ಮರರ್ ಬಳಿಯ ಗೇಜಿನಿಂದ ಬಾಯಿಯನ್ನು ವರ್ಷಕ್ಕೊಮ್ಮೆ ಅಳೆಯುವುದು, ತಾಲೀಮಿನಲ್ಲಿ ಗುಂಡುಗಳು ಎಷ್ಟು ಚದುರಿದವು ಎಂದು ಪ್ರತಿ ರೈಫಲ್ಲಿನ ಹೆಸರಲ್ಲಿ ಬರೆದಿಡುವುದು, ಇವು ನಿಜ ಹೇಳುತ್ತವೆ. ರೈಫಲ್ ಸಂಖ್ಯೆಯ ಮುಂದೆ ಹಾರಿದ ಸುತ್ತು ಎಷ್ಟು, ಬ್ರಷ್ ಹಾಕಿದ್ದು ಎಷ್ಟು ಸಲ ಎಂಬ ಎರಡು ಕಾಲಂ ಇರುವ ರಿಜಿಸ್ಟರ್ ಇಟ್ಟರೆ ಒಂದೇ ವರ್ಷದಲ್ಲಿ ಈ ವಾದ ಸರಿಯೋ ತಪ್ಪೋ ಕಣ್ಣೆದುರಿಗೇ ಬರುತ್ತದೆ.

ಕೊನೆಯ ಆಕ್ಷೇಪ ದುಡ್ಡಿನದು. ಬೇರಿಂಗ್ ಹಿಡಿಯ ಒಂದೇ ತುಂಡಿನ ಸ್ಟೀಲ್ ರಾಡಿನ ಬೆಲೆಗೆ ಅಲ್ಯೂಮಿನಿಯಂ ರಾಡುಗಳು ಹಲವು ಬರುತ್ತವೆ, ಸರ್ಕಾರಿ ಖರೀದಿಯಲ್ಲಿ ಕಡಿಮೆ ದರ ಕೂಗಿದವರಿಗೇ ಟೆಂಡರ್ ಹೋಗುತ್ತದೆ ಎನ್ನುತ್ತಾರೆ. ಮೊದಲಿಗೆ, ಎಲ್ಲರೂ ಇಷ್ಟು ಖರ್ಚು ಮಾಡಬೇಕಾಗಿಲ್ಲ. ಬ್ಯಾಂಕಿನ ಕಾವಲುಗಾರನ, ಬಹಳಷ್ಟು ರೈತರ ಕೈಯಲ್ಲಿರುವುದು 12 ಬೋರ್ ಬಂದೂಕು. ಹದಿನೆಂಟೂವರೆ ಮಿಲಿಮೀಟರ್ ಅಗಲದ ಅದರ ನುಣುಪು ನಳಿಗೆಯಲ್ಲಿ ಜಾಡೇ ಇಲ್ಲ, ಮೂರು ತುಂಡಿನ ಕಟ್ಟಿಗೆಯ ಅಥವಾ ಅಲ್ಯೂಮಿನಿಯಂ ರಾಡ್, ಒಂದು ಬ್ರಾಂಜ್ ಬ್ರಷ್, ಒಂದು ಉಣ್ಣೆಯ ಮಾಪ್ ಧಾರಾಳ ಸಾಕು. ರೈಫಲ್ಲುಗಳಿಗಾದರೆ ಒಂದು ಒಳ್ಳೆಯ ರಾಡ್ ಇಡೀ ಶಸ್ತ್ರಾಗಾರಕ್ಕೆ ವರ್ಷಗಟ್ಟಲೆ ಬಾಳುತ್ತದೆ, ಒಂದು ನಳಿಗೆ ಬದಲಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಕಡಿಮೆ ದರದ ನಿಯಮವೂ ಕೈ ಕಟ್ಟುವುದಿಲ್ಲ. ಕರ್ನಾಟಕದ 1999ರ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆಯಡಿ ಟೆಂಡರ್ ಕರೆಯುವವರು ತಮಗೆ ಬೇಕಾದ ವಸ್ತುವಿನ ವಿವರವನ್ನು ಮೊದಲೇ ಬರೆಯಬಹುದು, ಬರೆಯಬೇಕು. ‘ಕ್ಲೀನಿಂಗ್ ಕಿಟ್, 50’ ಎಂದಷ್ಟೇ ಬರೆದರೆ ಬರುವುದು ಅಗ್ಗದ ಪೆಟ್ಟಿಗೆಯೇ. ಒಂದೇ ತುಂಡಿನ ಪಾಲಿಶ್ ಮಾಡಿದ ಸ್ಟೀಲ್ ರಾಡ್, ಹಿಡಿಯಲ್ಲಿ ಬೇರಿಂಗ್, ಹಿಡಿ ಬಿಟ್ಟು 90 ಸೆಂಟಿಮೀಟರ್ ಉದ್ದ, ಆಯಾ ರೈಫಲ್ಲಿಗೆ ಹೊಂದುವ ಬೋರ್ ಗೈಡ್, ಎಕೆಗಳಿಗೆ ಬಾಯಿಗೆ ತೊಡಿಸುವ ಮುಚ್ಚಳ, ರಾಡಿನ ತುದಿಯ ತಿರುಪಿನ ಮರೆ ಬ್ರಷ್ಷಿನ ಮರೆಗೆ ಕೂಡುವಂಥದ್ದು ಎಂದು ಬರೆಯಬೇಕು. ಈ ಕೊನೆಯದನ್ನು ಮರೆಯುವುದೇ ಹೆಚ್ಚು. ಅಮೆರಿಕದ ರಾಡುಗಳಲ್ಲಿ ಸಾಮಾನ್ಯವಾದ 8-32 ಮರೆ ಬ್ರಿಟಿಷ್ ಮಾದರಿಯ ಬ್ರಷ್ಷುಗಳಿಗೆ ಕೂಡುವುದಿಲ್ಲ. ಹಾಗೆ ಬಂದ ಹೊಸ ಬ್ರಷ್ಷುಗಳು ಪೆಟ್ಟಿಗೆಯಲ್ಲೇ ಉಳಿದರೆ ಹಳೆಯ ಹುರಿ ಮತ್ತೆ ಹೊರಬರುತ್ತದೆ.